ಹೊಳೆ ಹೋದ ಬೆಳಗಿನ ಗಾಳಿ

ಗರಸುಗುಂಡಿಯ ಗೇಟಿನ ಪಕ್ಕದ ಕರಿಹಲಗೆಯ ಮೇಲೆ ದಿನಾ ಬೆಳಿಗ್ಗೆ ಬರೆಯುವವಳು ನಾನೇ. "ಇಂದು: ಹಳೆಯ ಮಾಗಿ. ಚಳಿ ಇದೆ. ಮಧ್ಯಾಹ್ನದ ಊಟದ ತನಕ." ಇನ್ನೊಂದು ದಿನ, "ಇಂದು: ಹಳೆಯ ವೈಶಾಖ. ಒಣ ಗಾಳಿ. ಹಪ್ಪಳ ಹಾಕುವವರು ಹಾಕಬಹುದು." ಬರೆದ ಮೇಲೆ ಹಿಂದೆ ಸರಿದು ನಿಂತು ಓದುತ್ತೇನೆ. ಯಾಕೋ ಸರಿಯಿಲ್ಲ ಅನ್ನಿಸಿ ಸೆರಗಿನಿಂದ ಒರೆಸಿ ಮತ್ತೆ ಬರೆಯುತ್ತೇನೆ. ಗುಂಡಿಯ ಕೂಲಿಗಳ ಮುಕಾದಮ ಮೋದಿನಸಾಬ ಬೀಡಿ ಕಚ್ಚಿಕೊಂಡು ನಗುತ್ತಾನೆ. "ಅಕ್ಕಾರ, ಅದು ಹಲಿಗಿ ಐತ್ರಿ, ಹಣೀಬರಹ ಅಲ್ಲ. ತಪ್ಪಾದ್ರ ಮಂದಿ ಒಂದ ಛತ್ರಿ ಹಿಡ್ಕೊಂಡ ಬರ್ತಾರ, ಅಷ್ಟ." ಅವನಿಗೆ ಅಷ್ಟೇ. ನನಗೆ ಮಾತ್ರ, ನಾನು ತಪ್ಪು ಬರೆದು ಯಾರದೋ ಮೆಣಸಿನಕಾಯಿ ನೆನೆದು ಹೋದರೆ ಆ ರಾತ್ರಿ ಅನ್ನ ಸೇರುವುದಿಲ್ಲ.

ನಮ್ಮೂರ ನೆಲದಲ್ಲಿ ಗರಸು ಪದರು ಪದರಾಗಿ ಬಿದ್ದಿದೆ. ಒಂದು ಪದರು ಬಿಚ್ಚಿದರೆ, ಹೊಳೆ ಅದನ್ನು ತಂದು ಹಾಕಿದ ಹಂಗಾಮಿನ ಗಾಳಿ ಹೊರಗೆ ಬರುತ್ತದೆ. ಕೆಲಹೊತ್ತು ಸುತ್ತಾಡಿ ಆರಿಹೋಗುತ್ತದೆ. ಆಮೇಲೆ ಉಳಿಯುವುದು ಬರೀ ಕಲ್ಲು, ರಸ್ತೆಗೆ ಹಾಕುವಂಥದ್ದು. ಇದಕ್ಕೆ ನಮ್ಮೂರವರು ಎಂದೋ ಒಗ್ಗಿಕೊಂಡಿದ್ದಾರೆ. ಮದುವೆ ಗೊತ್ತಾದವರು ಸ್ವಾಮಿಗಳ ಹತ್ತಿರ ಮುಹೂರ್ತ ಕೇಳಿ ನೇರ ನನ್ನ ಹತ್ತಿರ ಬರುತ್ತಾರೆ. "ಅವತ್ತ ಯಾವ ಪದರ ತಗೀತೀರ್ರಿ? ಹಂದರ ಹಾರಿಸೂದು ಇಲ್ಲಲ್ಲ?" ಮಂಡಿನೋವಿನ ಮುದುಕರು ಹಳೆಯ ಬೇಸಿಗೆ ತೆಗೆಯುವ ದಿನ ಗುಂಡಿಯ ದಂಡೆಗೆ ಬಂದು ಕಾಲು ಚಾಚಿ ಕೂತಿರುತ್ತಾರೆ. ಬಾಣಂತಿಯರ ಮನೆಯವರು ಮಾತ್ರ ಕಿಟಕಿಗೆ ಗೋಣಿ ಕಟ್ಟುತ್ತಾರೆ.

ಮೊದಲು ಇದಕ್ಕೊಂದು ಕಟ್ಟುಪಾಡು ಇರಲಿಲ್ಲ. ಯಾರಿಗೆ ಎಲ್ಲಿ ಮೆತ್ತಗೆ ಸಿಕ್ಕಿತೋ ಅಲ್ಲಿ ಅಗೆದರು. ಒಂದು ವರ್ಷ ಸುಗ್ಗಿಯ ನಡುವೆ ಹಳೆಯದೊಂದು ಆಷಾಢ ಎದ್ದು ಬಂತು. ಕಣದಲ್ಲಿದ್ದ ಜೋಳ ತೆನೆಯಲ್ಲೇ ಮೊಳೆಯಿತು. ಮಾವಿನ ಹೂ ನೆಲಕ್ಕೆ ಬಿತ್ತು. ಬೇವು ಎರಡು ಸಲ ಹೂ ಬಿಟ್ಟು ಒಂದು ಸಲವೂ ಕಾಯಿ ಕಟ್ಟಲಿಲ್ಲ. ಗುಂಡಿಯ ಗೋಡೆಯಲ್ಲಿ ಬಿಲ ಕೊರೆದು ಗೂಡು ಮಾಡುವ ಕಳ್ಳಿಪೀರ ಹಕ್ಕಿಗಳು ಹಂಗಾಮು ತಿಳಿಯದೆ ಮೊಟ್ಟೆ ಇಟ್ಟು ಬಿಟ್ಟುಹೋದವು. ಆಗ ಗರಸು ಸಂಘದವರು ಗುಂಡಿಗೆ ಒಂದು ನಕಾಶೆ ಬೇಕು ಅಂದರು. ಊರಿನಲ್ಲಿ ನಕಾಶೆ ಬರೆಯುವುದು ಗೊತ್ತಿದ್ದವಳು ನಾನೊಬ್ಬಳೇ. ಅದೂ ಸಂಜೆ ಕ್ಲಾಸಿನಲ್ಲಿ ಕಲಿತಷ್ಟು. ಹಗಲು ಜರಡಿ ಹಿಡಿದು, ಸಂಜೆ ಕಂದೀಲಿನ ಕೆಳಗೆ ಅಳತೆ, ಇಳಿಜಾರು, ನೀರಿನ ಮಟ್ಟ ಕಲಿತವಳು. ಹಗಲು ಕಲಿತವರಿಗೆ ಇದಕ್ಕಿಂತ ಹೆಚ್ಚೇನೋ ಗೊತ್ತಿರುತ್ತದೆ, ನನಗೆ ಮಾತ್ರ ಅದನ್ನು ಹೇಳಿಕೊಟ್ಟಿಲ್ಲ ಎಂಬ ಅಳುಕು ಇವತ್ತಿಗೂ ಹೋಗಿಲ್ಲ.

ಆದರೂ ಬರೆದೆ. ಮಳೆಗಾಲದ ಪದರನ್ನು ಮಳೆಗಾಲದಲ್ಲೇ ತೆಗೆಯಬೇಕು, ಬೇಸಿಗೆಯದನ್ನು ಬೇಸಿಗೆಯಲ್ಲೇ. ಹಳೆಯದು ಹೊಸದರೊಳಗೆ ಬೆರೆತು ಹೋಗಲಿ, ಗಿಡಕ್ಕೂ ಹಕ್ಕಿಗೂ ಗೊಂದಲವಾಗದಿರಲಿ. ಮೇಲ್ಮಣ್ಣನ್ನು ಬೇರೆ ಗುಡ್ಡೆ ಹಾಕಿ, ಅದು ಸಾಯದ ಹಾಗೆ ಹುರುಳಿ ಬಿತ್ತಬೇಕು. ಒಂದು ಮೂಲೆ ಮುಗಿದ ಕೂಡಲೇ ಆ ಮಣ್ಣನ್ನು ಅಲ್ಲಿಗೇ ಹಾಸಬೇಕು. ಲಾರಿ ಓಡಾಡುವ ದಾರಿಗೆ ನೀರು ಚಿಮುಕಿಸಬೇಕು. ಕಳ್ಳಿಪೀರದ ಮರಿ ಹಾರುವ ತನಕ ಆ ಗೋಡೆ ಮುಟ್ಟಬಾರದು. ತಳ ನೀರಿಗೆ ಆಳುದ್ದ ಮೇಲೆಯೇ ನಿಲ್ಲಬೇಕು. ಕೊನೆಗೆ, ಮೂಡಣ ದಿಕ್ಕಿಗೆ, ಗುಂಡಿಗೂ ಹರಗೋಲ ಓಣಿಗೂ ನಡುವೆ ಒಂದು ಪಟ್ಟಿ ನೆಲ ಹಾಗೇ ಬಿಡಬೇಕು, ಅಲ್ಲಿ ಯಾರೂ ಗುದ್ದಲಿ ಇಡಬಾರದು. ಓಣಿಯ ಬಾವಿಗಳಿಗೆ ಬರುವ ನೀರು ಆ ಪಟ್ಟಿಯ ಗರಸಿನಲ್ಲೇ ಸೋಸಿ ಬರುತ್ತದೆ. ಪಟ್ಟಿಯ ಸುತ್ತ ನಾನೇ ನಿಂತು ಮುಳ್ಳುಬೇಲಿ ಹಾಕಿಸಿದೆ. ಊರವರು ಅದನ್ನು ಬಿಟ್ಟ ಪಟ್ಟಿ ಅನ್ನುತ್ತಾರೆ.

ಬಿಟ್ಟ ಪಟ್ಟಿ ಅಂದರೆ ನಮ್ಮ ಹೊಳೆಯ ಕೊನೆಯ ಪಾತ್ರ. ಹೊಳೆ ಹೋದಾಗ ಅಲ್ಲಿಂದಲೇ ಹೋದದ್ದು. ಅದರ ಮೇಲಿನ ಪದರು ಹೊಳೆ ಹೋದ ಬೆಳಗಿನದು.

ಆ ಬೆಳಗಿನಲ್ಲಿ ನಾನು ಇರಲಿಲ್ಲ. ಅದೇ ಬೇಸಿಗೆಯಲ್ಲಿ ಮದುವೆಯಾಗಿ ಹರಗೋಲ ಓಣಿಗೆ ಬಂದಿದ್ದೆ. ಓಣಿಯ ಗಂಡಸರೆಲ್ಲ ಅಂಬಿಗರು. ಹರಗೋಲು ಹಾಕಿ ಜನರನ್ನು, ಆಡುಗಳನ್ನು, ಉಳ್ಳಾಗಡ್ಡಿ ಚೀಲಗಳನ್ನು ದಾಟಿಸುವವರು. ಶ್ರಾವಣ ಬಂತು. ಮೊದಲ ಪಂಚಮಿಗೆ ಹೊಸ ಮದುಮಗಳು ತವರಿಗೆ ಹೋಗಬೇಕು, ಅಣ್ಣ ಬಂದು ಕರೆದುಕೊಂಡು ಹೋದ. ಜೋಕಾಲಿ ಆಡಿದೆ, ಉಂಡಿ ತಿಂದೆ, ಶೇಂಗಾದುಂಡಿಯ ಗಂಟು ಕಟ್ಟಿಕೊಂಡು ತಿರುಗಿ ಬಂದೆ. ಬಂದು ನೋಡಿದರೆ ಹೊಳೆ ಇದ್ದಲ್ಲಿ ಒದ್ದೆ ಗರಸು. ಓಣಿಯಲ್ಲಿ ಹೆಂಗಸರು ಮಾತ್ರ. "ಹೊಳಿ ಹೋತು. ಗಂಡಸರು ಅದರ ಹಿಂದ ಹೋದ್ರು," ಅಂದರು. ಇವತ್ತಿನ ತನಕ ಯಾರೂ ಅದಕ್ಕಿಂತ ಹೆಚ್ಚು ಹೇಳಿಲ್ಲ. ಗಂಡಸರು ತಿರುಗಿ ಬಂದಿಲ್ಲ. ಸುದ್ದಿಯೂ ಇಲ್ಲ. ಓಣಿಯ ಯಾವ ಹೆಂಗಸೂ ಬಳೆ ತೆಗೆದಿಲ್ಲ, ನಾನೂ ತೆಗೆದಿಲ್ಲ.

ಉಳಿದವರೆಲ್ಲ ಆ ಬೆಳಿಗ್ಗೆ ಬಾಗಿಲಲ್ಲಿ ನಿಂತು ಕಳಿಸಿದವರು. ಅವರಿಗೆ ಹೋದವರ ಬೆನ್ನಾದರೂ ನೆನಪಿದೆ. ನನಗೆ ಜೋಕಾಲಿಯ ಹಗ್ಗ ನೆನಪಿದೆ. ಚಳಿ ಇತ್ತೋ, ಮೋಡ ಇತ್ತೋ, ನಮ್ಮ ಮನೆಯವರು ತಲೆಗೆ ಏನು ಸುತ್ತಿಕೊಂಡಿದ್ದರೋ, ಒಮ್ಮೆಯಾದರೂ ಮನೆಯ ಕಡೆ ತಿರುಗಿ ನೋಡಿದರೋ, ಏನೂ ಗೊತ್ತಿಲ್ಲ. ಕಳೆದುಕೊಂಡದ್ದನ್ನು ಹಂಬಲಿಸುವವರನ್ನು ಕಂಡರೆ ನನಗೆ ಒಳಗೊಳಗೇ ಅಸೂಯೆ. ನನ್ನದು ಕಾಣದೇ ಇದ್ದದ್ದರ ಹಂಬಲ. ಆ ಬೆಳಗು ನನ್ನ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ, ನಾನೇ ಹಾಕಿಸಿದ ಬೇಲಿಯೊಳಗೆ ಬಿದ್ದಿತ್ತು.

ಹೋದ ಮಳೆಗಾಲದ ಮೊದಲಲ್ಲಿ ಸಂಘದ ಅಧ್ಯಕ್ಷ ತೋಟಪ್ಪನವರು ಹೇಳಿ ಕಳಿಸಿದರು. ಮೇಜಿನ ಮೇಲೆ ನನ್ನ ನಕಾಶೆ ಹರವಿಕೊಂಡು ಕೂತಿದ್ದರು. "ಸಾವಂತ್ರಕ್ಕಾರ, ಪಡುವಣ ಮುಗೀತು. ತಳಾ ನೀರಿಗೆ ಆಳುದ್ದಕ್ಕ ಬಂತು. ಇನ್ನ ಮೂಡಲಕ ಹೋಗೂದೊಂದ ಹಾದಿ."

"ಅದು ಬಿಟ್ಟ ಪಟ್ಟಿ ಐತ್ರಿ."

"ಬಿಟ್ಟವರು ಯಾರು? ನೀವ. ದೇವರೇನ ಬಂದು ಗೆರಿ ಹೊಡದಿಲ್ಲಲ್ಲ. ಒಂದ ನೋಟದ ಗುಂಡಿ ಹೊಡಸ್ರಿ. ಗರಸು ಎಷ್ಟೈತಿ, ನೀರು ಎಷ್ಟಕ್ಕ ಬರತೈತಿ, ಬರಕೊಂಡ ಬರ್ರಿ. ಆಮ್ಯಾಲ ನೋಡೂಣು."

ಆಗುವುದಿಲ್ಲ ಅನ್ನಬೇಕಿತ್ತು. ನೀರು ಎಷ್ಟಕ್ಕೆ ಬರುತ್ತದೆ ಅಂತ ಬಾವಿ ಇಣುಕಿದರೇ ತಿಳಿಯುತ್ತದೆ. ನಾನು "ಆಗ್ಲಿರಿ" ಅಂದೆ. ಅಂದ ವೇಗಕ್ಕೆ ನನಗೇ ಹೆದರಿಕೆಯಾಯಿತು. ಮನೆಗೆ ಬರುವಾಗ ದಾರಿಯುದ್ದಕ್ಕೂ ನನ್ನನ್ನೇ ಕೇಳಿಕೊಂಡೆ: ಇದು ಸಂಘದ ಕೆಲಸವೋ, ನಿನ್ನದೋ? ನೋಟದ ಗುಂಡಿ ಹೊಡೆಯುವುದು ಪದ್ಧತಿಯೇ, ಕ್ಲಾಸಿನಲ್ಲಿ ಹೇಳಿಕೊಟ್ಟದ್ದೇ, ಅಂದುಕೊಂಡೆ. ಪದ್ಧತಿಯ ಹಿಂದೆ ಬಚ್ಚಿಟ್ಟುಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರೂ ಹೀಗೇ ಅಂದುಕೊಳ್ಳುತ್ತಿದ್ದರೇನೋ.

ಓಣಿಯವರನ್ನು ಕೇಳದೆ ಮಾಡಲಾರೆ. ಓಣಿ ಅಂದರೆ ಹುಲಿಗೆವ್ವ, ಓಣಿಗೆಲ್ಲ ಅತ್ತಿ. ವಯಸ್ಸಿನಲ್ಲಿ ಎಲ್ಲರಿಗಿಂತ ದೊಡ್ಡವಳು, ಗುಂಡಿಯಲ್ಲಿ ಜರಡಿ ಹಿಡಿಯುವ ಹೆಂಗಸರಿಗೆಲ್ಲ ಹಿರಿಯಳು. ನನಗೆ ಜರಡಿ ಹಿಡಿಯುವುದನ್ನು ಕಲಿಸಿದವಳೂ ಅವಳೇ. ಹೋದಾಗ ಕಟ್ಟೆಯ ಮೇಲೆ ಕೂತು ಹರಿದ ಜರಡಿಗೆ ತಂತಿ ಹೆಣೆಯುತ್ತಿದ್ದಳು.

"ಬಾರ ನಕಾಶಿ ಸಾವಂತ್ರಿ. ಇವತ್ತೇನ ಅಳಿಯಾಕ ಬಂದಿ? ನನ್ನ ಕಟ್ಟಿ ಉದ್ದ ಆಗೇತೇನ?"

"ಅಲ್ಲತ್ತಿ, ಒಂದ ಮಾತ ಕೇಳೂದಿತ್ತು." ನೋಟದ ಗುಂಡಿಯ ವಿಷಯ ಹೇಳಿದೆ. ಅವಳ ಕೈ ತಂತಿಯ ಮೇಲೆ ನಿಂತಿತು.

"ಯಾವ ಪದರು?"

"ಮ್ಯಾಲಿಂದು."

"ಬ್ಯಾಡ."

"ಒಂದ ಗುಂಡಿ ಅತ್ತಿ. ಹೊತ್ತ ಮುಳುಗೂದ್ರಾಗ ಮುಚ್ಚತೀವಿ."

"ಸಾವಂತ್ರಿ, ಆ ಮುಂಜಾನಿ ಒಮ್ಮೆ ದಾಟೇವಿ. ಇನ್ನೊಮ್ಮೆ ದಾಟೂ ತಾಕತ್ತ ನಮ್ಮ ಕಡೆ ಇಲ್ಲ. ನೀ ಇರಲಿಲ್ಲ, ನಿನಗೇನ ಗೊತ್ತು."

"ಇರಲಿಲ್ಲ ಅಂತನ ಅತ್ತಿ..." ಅಂದುಬಿಟ್ಟೆ. ಬಾಯಿ ಮುಚ್ಚಿಕೊಳ್ಳುವಷ್ಟರಲ್ಲಿ ಮಾತು ಹೊರಗೆ ಬಂದಿತ್ತು.

ಹುಲಿಗೆವ್ವ ಜರಡಿ ಪಕ್ಕಕ್ಕಿಟ್ಟು ನನ್ನ ಮುಖ ನೋಡಿದಳು. "ಓಹೋ. ಇದು ತೋಟಪ್ಪನ ಗುಂಡಿ ಅಲ್ಲಬಿಡು. ನಿನ್ನ ಗುಂಡಿ."

"ಯಾರದಂತ ನನಗೂ ತಿಳೀವಲ್ದು."

ಎದುರು ಮನೆಯ ಕೋಳಿ ಬಂದು ತಂತಿಯ ತುಂಡು ಕುಕ್ಕಿ ನೋಡಿ ಹೋಯಿತು. ಕೊನೆಗೆ, "ತಗಸ್ಕೊ," ಅಂದಳು. "ಹಸದವರ ಮುಂದ ಗಡಿಗಿ ಮುಚ್ಚಿ ಇಡಬಾರದು. ಆದ್ರ ಆ ಗಾಳಿ ನಮ್ಮ ಓಣ್ಯಾಗ ಕಾಲಿಡಬಾರದು. ಇಟ್ಟಿತಂದ್ರ ನಿನ್ನ ನಕಾಶಿ ನನ್ನ ಒಲಿಗೆ."

"ಬರದಂಗ ನೋಡ್ಕೊತೀನಿ ಅತ್ತಿ," ಅಂದು ಅವಳ ಮೊಣಕಾಲು ಮುಟ್ಟಿದೆ. ಆ ಬೆಳಿಗ್ಗೆ ಹೇಗಿತ್ತು ಎಂದು ಕೇಳುವ ಆಸೆ ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ಅವಳ ದುಃಖದಲ್ಲಿ ನನಗೂ ಒಂದು ಪಾಲು ಕೊಡು ಅಂದ ಹಾಗಾಗುತ್ತಿತ್ತು.

ನಮ್ಮೂರಲ್ಲಿ ಒಂದು ಮಾತಿದೆ, ಹಳೆಯ ಗಾಳಿಗೆ ಕಾಲಿಲ್ಲ ಅಂತ. ಗುಂಡಿಯಿಂದ ಎದ್ದ ಗಾಳಿಗೆ ಸ್ವಂತ ದಿಕ್ಕಿಲ್ಲ. ಇವತ್ತಿನ ಗಾಳಿ ಎತ್ತ ಒಯ್ದರೆ ಅತ್ತ ಹೋಗುತ್ತದೆ, ಹೊಗೆಯ ಹಾಗೆ. ನನ್ನ ನಕಾಶೆಯೆಲ್ಲ ನಿಂತದ್ದೇ ಆ ಮಾತಿನ ಮೇಲೆ, ಅದು ಒಂದು ದಿನವೂ ಸುಳ್ಳಾಗಿರಲಿಲ್ಲ. ಹಾಗಾಗಿ ನಾನು ಮಾಡಬೇಕಾದದ್ದು ಇಷ್ಟೇ: ಓಣಿಯ ಕಡೆಯಿಂದ ಗುಂಡಿಯ ಕಡೆಗೆ ಗಾಳಿ ಬೀಸುವ ದಿನ ನೋಡಿ ಅಗೆಸುವುದು. ಶ್ರಾವಣದಲ್ಲಿ ಮೂಡಗಾಳಿ ಅಪರೂಪ. ಬೇಲಿಯ ಕಂಬಕ್ಕೆ ಹಳೆಯ ಸೀರೆಯ ಅಂಚು ಹರಿದು ಕಟ್ಟಿ ಕಾದೆ. ಅಂಚು ದಿನಾ ಓಣಿಯ ಕಡೆಗೇ ತೋರಿಸುತ್ತಿತ್ತು. ಪಂಚಮಿ ಬಂದು ಹೋಯಿತು. ಮೋದಿನಸಾಬ, "ಅಕ್ಕಾರ, ಆ ಅರಿವಿ ನೋಡಿ ನೋಡಿ ನಿಮ್ಮ ಕುತಿಗಿ ವಾರಿ ಆಗತೈತ್ರಿ," ಅಂದ.

ಒಂದು ಬೆಳಿಗ್ಗೆ ಅಂಚು ತಿರುಗಿತ್ತು. ತಣ್ಣಗೆ, ಗುಂಡಿಯ ಕಡೆಗೆ.

ಓಣಿಗೆ ಹೇಳಿ ಕಳಿಸಿದೆ. ಹೆಂಗಸರು ಕೆಲಸಕ್ಕೆ ಬರಲಿಲ್ಲ. ಬಾಗಿಲು ಹಾಕಿ, ಸಂದಿಗೆ ಚಿಂದಿ ತುರುಕಿ ಒಳಗೆ ಕೂತರು. ನಾನು ಹಲಗೆಯ ಮುಂದೆ ನಿಂತೆ. ಏನು ಬರೆಯಬೇಕೋ ತಿಳಿಯಲಿಲ್ಲ. "ಇಂದು:" ಎಂದು ಬರೆದು ಹಾಗೇ ಬಿಟ್ಟೆ. ತಲೆಗೆ ಎರೆದುಕೊಂಡು, ಬಾಚಿ, ಇಳಕಲ್ಲ ಸೀರೆ ಉಟ್ಟು ಬಂದಿದ್ದೆ. ಮೋದಿನಸಾಬ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಲ್ಯಾರ ಹೊಂಟೀರೇನ್ರಿ ಅಕ್ಕಾರ?" ಅಂದ.

"ಇಲ್ಲ ಮೋದಿನಣ್ಣ, ಇಲ್ಲೇ."

ಅವನು ಮೇಲ್ಮಣ್ಣನ್ನು ಹುಲ್ಲಿನ ಸಮೇತ ಚೌಕ ಚೌಕವಾಗಿ ಕೊಯ್ದು, ತಿರುಗಿ ಅದೇ ಸಾಲಿನಲ್ಲಿ ಹಾಸಲು ಬರುವ ಹಾಗೆ ಗೋಣಿಯ ಮೇಲೆ ಜೋಡಿಸಿದ. ನಾನು ನೋಟದ ಗುಂಡಿಯ ಪಡುವಣ ಬದಿಗೆ, ಗಾಳಿ ನೇರ ಮುಖಕ್ಕೆ ಬರುವಲ್ಲಿ ನಿಂತೆ. ಸೆರಗು ಸರಿ ಮಾಡಿಕೊಂಡೆ. ಅವರು ಬರುತ್ತಾರೆ ಎಂದೇನಲ್ಲ. ಅವರ ಮೈ ಸೋಕಿದ ಗಾಳಿ ಬರುತ್ತದೆ, ಅಷ್ಟೇ.

ಮೋದಿನಸಾಬ ಹಾರೆ ಹಾಕಿ ಪದರು ಎಬ್ಬಿಸಿದ.

ನನ್ನ ಮುಖಕ್ಕೆ ಏನೂ ತಾಗಲಿಲ್ಲ. ಮೋದಿನಸಾಬನ ತಲೆಯ ಟವೆಲು ಹಾರಿ ಓಣಿಯ ಕಡೆ ಹೋಯಿತು. ಕಂಬದ ಮೇಲಿನ ಸೀರೆಯಂಚು ಒಮ್ಮೆ ಜೋತುಬಿದ್ದು, ಬಡಿದೆಬ್ಬಿಸಿದ ಹಾಗೆ ಎದ್ದು, ಓಣಿಯ ಕಡೆಗೆ ಸೆಟೆದು ನಿಂತಿತು. ನನ್ನ ಹಿಂದಿನ ಬೇವಿನ ಎಲೆಗಳು ಮಾತ್ರ ಇವತ್ತಿನ ಗಾಳಿಗೆ ಹಿಂದಕ್ಕೇ ಉದುರುತ್ತಿದ್ದವು. ಆ ಗಾಳಿಗೆ ಕಾಲಿತ್ತು. ಅದು ಸುತ್ತಾಡಲಿಲ್ಲ, ಆರಲಿಲ್ಲ. ತೂಬು ತೆಗೆದ ನೀರಿನ ಹಾಗೆ ಒಂದೇ ಕಡೆಗೆ, ಒಂದೇ ಉಸಿರಿಗೆ ಹೊರಟುಹೋಯಿತು. ನಾನು ಗುಂಡಿಯ ಬಾಯಿಗೆ ಹೋಗಿ ಬಗ್ಗುವಷ್ಟರಲ್ಲಿ ಅಲ್ಲಿ ಬರೀ ಕಲ್ಲಿತ್ತು.

ಓಡಿದೆ. ಬೇಲಿಯ ಮುಳ್ಳು ಸೀರೆ ಹಿಡಿಯಿತು, ಹರಿದುಕೊಂಡು ಓಡಿದೆ. ಓಣಿಯ ಬಾಯಲ್ಲಿ ಬಾಗಿಲ ಸಂದಿಯ ಚಿಂದಿಗಳೆಲ್ಲ ಬೀದಿಗೆ ಬಿದ್ದಿದ್ದವು. ಬಾಗಿಲುಗಳು ಹಾರು ಹೊಡೆದಿದ್ದವು. ಹೆಂಗಸರು ಹೊಸ್ತಿಲು ದಾಟಿ ಹೊರಗೆ ನಿಂತಿದ್ದರು, ಎಲ್ಲರ ಮುಖ ಓಣಿಯ ಆ ತುದಿಗೆ. ಒಬ್ಬಳು ಅಳುತ್ತಲೇ ನಗುತ್ತಿದ್ದಳು. ಹುಲಿಗೆವ್ವ ಕಟ್ಟೆಯ ಮೇಲೆ ನಿಂತು, ಕೈ ಎತ್ತಿ, ಹರೆಯದ ಹೆಂಗಸಿನ ದನಿಯಲ್ಲಿ ಕೂಗುತ್ತಿದ್ದಳು: "ಬುತ್ತಿ ಒಯ್ಯಿರಿ! ಬುತ್ತಿ ಬಿಟ್ಟ ಹೊಂಟ್ರಲ್ಲ!" ಕೂಗಿ, ಎತ್ತಿದ ಕೈ ಹಾಗೇ ಇಟ್ಟುಕೊಂಡು ನಿಂತಳು.

ನಾನು ಯಾವ ಮನೆಯ ಮುಂದೆ ಹೋದರೂ ಅದು ಆಗಷ್ಟೇ ಅಲ್ಲಿಂದ ಹೋಗಿರುತ್ತಿತ್ತು. ಓಣಿಯ ತುದಿಯ ನನ್ನ ಮನೆಗೆ ನಾನೇ ಬೀಗ ಹಾಕಿಕೊಂಡು ಬಂದಿದ್ದೆ. ಬಾಗಿಲ ಮುಂದೆ ಒರಳುಕಲ್ಲು. ಏನು ತೋಚಿತೋ, ಮೊಣಕಾಲೂರಿ ಅದರ ಕುಳಿಯೊಳಗೆ ಕೈ ಹಾಕಿದೆ. ಅಲ್ಲಿತ್ತು, ಒಂದು ಬೊಗಸೆಯಷ್ಟು. ತಣ್ಣಗಿತ್ತು. ಮುಖ ಒಯ್ದು ಮೂಸಿದೆ. ಒದ್ದೆ ಗರಸು, ಹರಗೋಲಿನ ಚರ್ಮ, ಡಾಂಬರು. ಅದರೊಳಗೆ ಎಳೆಯಷ್ಟು ಬೀಡಿಯ ವಾಸನೆ. ಅದು ಅವರದೋ, ಬೇರೆಯವರದೋ? ನಮ್ಮ ಮನೆಯವರು ಬೀಡಿ ಸೇದುತ್ತಿದ್ದರೋ ಇಲ್ಲವೋ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ. ಒಂದು ಬೇಸಿಗೆಯಷ್ಟೇ ಕೂಡಿದ್ದವರು. ನೆನಪು ಮಾಡಿಕೊಳ್ಳುತ್ತಿರುವಾಗಲೇ ಕುಳಿ ಬೆಚ್ಚಗಾಯಿತು.

ಬಯ್ಯುತ್ತಾಳೆಂದುಕೊಂಡೇ ಹುಲಿಗೆವ್ವನ ಹತ್ತಿರ ಹೋದೆ. ಕಟ್ಟೆಯ ಮೇಲೆ ಕೂತು ಮೂಗು ಒರೆಸಿಕೊಳ್ಳುತ್ತಿದ್ದಳು.

"ತಪ್ಪಾತತ್ತಿ. ಹಳೇ ಗಾಳಿಗೆ ಕಾಲಿಲ್ಲ ಅಂತಾರಲ್ಲ, ಹಂಗಂತ..."

"ಆ ದಿನ ಎಲ್ಲಾಕ್ಕೂ ಕಾಲ ಬಂದಿದ್ವು. ಗಾಳಿ, ನೀರು, ಗಂಡಸರು, ಎಲ್ಲಾ ನಮ್ಮ ಓಣಿ ಹಾದಽ ಹ್ವಾದ್ವು. ನಿನಗ ಗೊತ್ತಿರಲಿಲ್ಲೇನ?"

"ಯಾರೂ ಹೇಳಲಿಲ್ಲ."

"ನೀ ಕೇಳಲಿಲ್ಲ."

"ಹೆಂಗ ಕೇಳ್ಲಿ ಅತ್ತಿ?"

"ಬಾಯಿಲೆ," ಅಂದಳು.

ಅಷ್ಟರಲ್ಲಿ ಮೋದಿನಸಾಬ ಬರಿದಲೆಯಲ್ಲಿ ಬಂದ. ನೋಟದ ಗುಂಡಿಯಲ್ಲಿ ಮೊಣಕೈ ಆಳಕ್ಕೇ ನೀರು ಜಿನುಗಿದೆ ಅಂದ. ಹಿಂದೆಯೇ ಒಬ್ಬಳು ಕೊಡ ತಂದು ತೋರಿಸಿದಳು. ಓಣಿಯ ಬಾವಿಯ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗಿತ್ತು. ಹೊತ್ತು ಮುಳುಗುವ ಮೊದಲು ಗುಂಡಿ ಮುಚ್ಚಿದೆವು. ಗರಸು ಹಾಕಿ, ಮಣ್ಣು ಹಾಕಿ, ಹುಲ್ಲಿನ ಚೌಕಗಳನ್ನು ತೆಗೆದ ಸಾಲಿನಲ್ಲೇ ಹಾಸಿ, ನೀರು ಚಿಮುಕಿಸಿದೆವು. ಹುಲ್ಲಿಗೆ ಏನೂ ಆದ ಗುರುತಿರಲಿಲ್ಲ. ಬಾವಿ ತಿಳಿಯಾಗಲು ಮಾತ್ರ ಅಮಾವಾಸ್ಯೆ ಬರಬೇಕಾಯಿತು. ಅಲ್ಲಿಯ ತನಕ ಹೆಂಗಸರು ಊರ ಮೇಲಿನ ಕೆರೆಯಿಂದ ಹೊತ್ತು ತಂದರು.

ನಾನು ಎಣಿಸದೇ ಇದ್ದದ್ದು ಆಮೇಲೆ ಆಯಿತು. ಬೇಡ ಅಂದಿದ್ದ ಓಣಿಯೇ, ಹುಲಿಗೆವ್ವನನ್ನು ಮುಂದೆ ಮಾಡಿಕೊಂಡು ಸಂಘದ ಕಚೇರಿಗೆ ಹೋಯಿತು. ಪಟ್ಟಿ ಉದ್ದಕ್ಕಿದೆ, ಆ ಬೆಳಗು ಉದ್ದಕ್ಕೂ ಬಿದ್ದಿದೆ. ಪಂಚಮಿಗೊಮ್ಮೆ ಒಂದು ತುಂಡು ತೆಗೆಯಿರಿ ಎಂದು ಕೇಳಿತು. "ನೀರಿಂದೇನ್ರಿ, ಕೆರೀಲಿಂದ ತರ್ತೀವಿ," ಎಂದರಂತೆ. ತೋಟಪ್ಪನವರಿಗೆ ಹೋಳಿಗೆಯ ಜೊತೆ ತುಪ್ಪವೂ ಸಿಕ್ಕ ಹಾಗಾಯಿತು. ಇನ್ನು ಬೇಕಾದದ್ದು ನನ್ನ ಒಂದು ಹಾಳೆ ವರದಿ.

ಬರೆದೆ. ಬಿಟ್ಟ ಪಟ್ಟಿಯಲ್ಲಿ ಅಗೆಯಬಾರದು, ನೋಟದ ಗುಂಡಿಯನ್ನೂ ಇನ್ನು ಹೊಡೆಯಬಾರದು. ನೀರು ಮೊಣಕೈ ಆಳಕ್ಕಿದೆ. ಅಷ್ಟು ಸಣ್ಣ ಗುಂಡಿಗೇ ಬಾವಿ ಕಲಕಿತು. ಗರಸು ಹೋದರೆ ಸೋಸುವುದಕ್ಕೆ ಬೇರೆ ಏನೂ ಇಲ್ಲ. ಮೇಲಿನ ಕೆರೆ ಶಿವರಾತ್ರಿಯ ಹೊತ್ತಿಗೆ ಬತ್ತುತ್ತದೆ. ಬರೆದದ್ದನ್ನು ಓದಿದೆ. ಒಂದೊಂದು ಮಾತೂ ನಿಜ. ಆದರೆ ಒಂದೊಂದು ನಿಜದ ಕೆಳಗೂ ಇನ್ನೊಂದು ಪದರು ಇದ್ದ ಹಾಗೆ ಅನ್ನಿಸುತ್ತಿತ್ತು. ಅವರಿಗೆ ಆ ಬೆಳಗು ಎರಡು ಸಲ ಸಿಕ್ಕಿತು, ನನಗೆ ಒಂದು ಸಲವೂ ಸಿಗಲಿಲ್ಲ. ಹರಿದು ಹಾಕಿ, ಅಗೆಯಬಹುದು ಎಂದು ಬರೆಯಲು ಕೂತೆ. ಅಗೆದರೆ ಮುಂದಿನ ಪಂಚಮಿಗೆ ನಾನು ಓಣಿಯ ನಡುವೆಯೇ ನಿಲ್ಲಬಹುದು, ನನ್ನ ಬಾಗಿಲಲ್ಲಿ, ಬೀಗ ಹಾಕದೆ. ಆ ಆಸೆ ಎಷ್ಟು ಜೋರಾಗಿ ಬಂತೆಂದರೆ, ಅಗೆಯಬಹುದು ಎಂದು ಬರೆದದ್ದೂ ನನಗಾಗಿಯೇ, ಬೇಡವೆಂದು ಬರೆದದ್ದೂ ನನಗಾಗಿಯೇ ಅನ್ನಿಸಿ ಪೆನ್ನು ಕೆಳಗಿಟ್ಟೆ. ಇಬ್ಬರಲ್ಲಿ ಯಾವ ಸಾವಂತ್ರಿಯನ್ನೂ ನಂಬುವ ಹಾಗಿರಲಿಲ್ಲ. ಬಾವಿಗೆ ಹೋಗಿ ಒಂದು ಕೊಡ ನೀರು ಸೇದಿ ನೋಡಿದೆ. ಅದು ನನ್ನ ಪರವೂ ಇಲ್ಲ, ಅವರ ಪರವೂ ಇಲ್ಲ, ಕಲಕಿದರೆ ಕಲಕುತ್ತದೆ. ಮೊದಲಿನ ಹಾಳೆಯನ್ನೇ ಮತ್ತೆ ಬರೆದು ಕೊಟ್ಟೆ.

"ಓಣಿಯವರ ಬೇಕಂತಾರ. ನೀವ್ಯಾಕ ಬ್ಯಾಡಂತೀರ್ರಿ ಅಕ್ಕಾರ?" ಎಂದು ತೋಟಪ್ಪನವರು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಬಾವಿ ಬ್ಯಾಡಂತಾವ್ರಿ."

ಅವರು ಗೊಣಗಿದರು. ನೀರಿನ ವಿಷಯದಲ್ಲಿ ನಕಾಶೆಯವರ ಮಾತು ಮೀರಬಾರದು ಎಂದು ಅವರೇ ಒಂದು ಕಾಲಕ್ಕೆ ಠರಾವು ಮಾಡಿದ್ದರು. ಸಂಘ, ಗರಸು ತೆಳುವಾಗಿದ್ದರೂ, ಬಡಗಣ ಬಯಲಿನ ಕಡೆ ಮುಖ ಮಾಡಿತು.

ಮರುದಿನ ಮಧ್ಯಾಹ್ನ ಹುಲಿಗೆವ್ವ ನನ್ನ ಮನೆಗೆ ಬಂದಳು. ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು, "ನಿನಗ ಸಿಗಲಿಲ್ಲ ಅಂತ ನಮಗೂ ಬ್ಯಾಡಂದಿಯೇನ?" ಅಂದಳು.

ಓಣಿಗೆಲ್ಲ ಕೇಳುವ ಹಾಗೆ ಅಂದಿದ್ದಳು. ನಾನು ಕುಟ್ಟುತ್ತಿದ್ದ ಶೇಂಗಾ ಅಲ್ಲಿಗೇ ಬಿಟ್ಟೆ. ಇಲ್ಲ ಅನ್ನಲು ಬಾಯಿ ತೆರೆದೆ. ಆ ಇಲ್ಲ ಪೂರಾ ನಿಜವೆಂದು ನನಗೇ ಖಾತ್ರಿ ಇರಲಿಲ್ಲ.

"ಇರಬಹುದು ಅತ್ತಿ. ನನಗೂ ಗೊತ್ತಾಗವಲ್ದು. ಆದ್ರ ನೀರು ಖರೇನ ರಾಡಿ ಆಗಿತ್ತು."

ಅವಳು ಬಯ್ಗುಳಕ್ಕೆ ಉಸಿರು ತುಂಬಿಕೊಂಡು ಬಂದವಳು. ಆ ಉಸಿರನ್ನು ಏನು ಮಾಡಬೇಕೋ ತಿಳಿಯದೆ ಹೊಸ್ತಿಲ ಮೇಲೆ ಕೈಯೂರಿ ಕೂತಳು. "ರಾಡಿ ಏನೋ ಆಗಿತ್ತು," ಅಂದಳು. "ಕೆರಿ ಏರಿ ಹತ್ತಿ ಹತ್ತಿ ನನ್ನ ಸೊಂಟಾ ಬಿತ್ತು. ಹೇಳಿಕೊಂಡಿಲ್ಲ, ಅಷ್ಟ." ಹಿಡಿ ಶೇಂಗಾ ತೆಗೆದುಕೊಂಡು ಸಿಪ್ಪೆ ಊದುತ್ತ ಕೂತಳು. ಬೀದಿಯಲ್ಲಿ ಇವತ್ತಿನ ಬಿಸಿಲು, ಇವತ್ತಿನ ಗಾಳಿ. ಬೇರೆ ಏನೂ ಇರಲಿಲ್ಲ.

"ಅತ್ತಿ," ಅಂದೆ. "ಆ ದಿನ ಮುಂಜಾನಿ ಹೆಂಗಿತ್ತು?"

ಹುಲಿಗೆವ್ವ ಶೇಂಗಾ ಅಗಿದು ನುಂಗಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಸಪ್ಪಳ ನಿಂತಿತು," ಅಂದಳು. "ಹುಟ್ಟಿದಾಗಿಂದ ಕೇಳಿದ ಹೊಳಿ ಸಪ್ಪಳ. ಅದು ನಿಂತದ್ದಕ್ಕ ಎಚ್ಚರಾತು ನನಗ. ನಮ್ಮದಽ ಮೊದಲನೇ ಮನಿ ನೋಡು, ಬಾಗಲಾ ತಗದ್ರ ನೀರು ಓಣ್ಯಾಗ ನಿಂತೈತಿ. ಕಾಲ ಹರಡ ಮುಳುಗುವಷ್ಟ. ಹೊಸ್ತಿಲಾ ದಾಟವಲ್ದು. ಬೀಗರು ಬಂದು ನಿಂತಂಗ ನಿಂತಿತ್ತು. ನಮ್ಮವರು ಎದ್ದು ಬಂದು ನೋಡಿದ್ರು. ಹರಗೋಲ ತಲಿ ಮ್ಯಾಲ ಹೊತ್ಕೊಂಡ್ರು. ತಡೀರಿ, ರೊಟ್ಟಿ ಬಡೀತೀನಿ ಅಂದೆ. ಅವರು ತಡದ್ರು, ನೀರು ತಡೀಲಿಲ್ಲ. ಒಂದೊಂದ ಬಾಗಲ ಮುಂದ ಒಂದೀಟ ನಿಂತು, ಆ ಮನಿ ಗಂಡಸು ಹೊರಗ ಬಂದ ಮ್ಯಾಲ ಮುಂದಿನ ಮನಿಗೆ ಹೊಂಟಿತ್ತು. ನಾ ಹಿಟ್ಟ ನಾದಾಕ ಹತ್ತಿದೆ..."

ಅವಳು ಹಿಟ್ಟು ನಾದಿದ್ದನ್ನು ಹೇಳಿದಳು. ಒಲೆ ಹತ್ತದೆ ಊದಿದ್ದನ್ನು, ಸೌದೆ ಹಸಿಯಿದ್ದುದನ್ನು, ಗಂಡ ಹರಗೋಲು ಹೊತ್ತು ನೀರಲ್ಲಿ ನಿಂತು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದುದನ್ನು ಹೇಳಿದಳು. ಆ ನೀರು ನಮ್ಮ ಬಾಗಿಲಿಗೆ ಬರಬೇಕಾದರೆ ಇನ್ನೂ ಓಣಿಯ ಅಷ್ಟೂ ಮನೆಗಳನ್ನು ಹಾದು ಬರಬೇಕಿತ್ತು. ಹುಲಿಗೆವ್ವ ಇನ್ನೂ ಮೊದಲನೆಯ ರೊಟ್ಟಿ ಬಡಿಯುತ್ತಿದ್ದಳು. ನಾನು ಶೇಂಗಾದ ಮೊರವನ್ನು ಅವಳ ಹತ್ತಿರಕ್ಕೆ ಸರಿಸಿದೆ. ಅವಸರ ಮಾಡಲಿಲ್ಲ.